ವರ್ಚುವಲ್ ಮೆಷಿನ್ನಿನ ಪರದೆ ಸರಿಯಾಗಿ ಕಾಣದಿದ್ದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಕೇರಳ ಸರ್ಕಾರದ ಶಾಲಾ ತಂತ್ರಜ್ಞಾನ ಸಂಸ್ಥೆಯಾದ ಕೈಟ್‌ನ, ಉಬುಂಟು ಎಂಬ ಲಿನಕ್ಸ್ ಆಧಾರಿತ ಲ್ಯಾಪ್‌ಟಾಪ್‌ಗಳಿವೆ. ಆದರೆ ಹಳೆಯ ಪ್ರಶ್ನೆಪತ್ರಿಕೆಗಳು ವಿಂಡೋಸ್‌ನ ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಕುಳಿತಿರುತ್ತವೆ. ಕುಂಬಳೆ, ಉಪ್ಪಳ, ಬದಿಯಡ್ಕದ ಕಡೆಯ ಡಿಟಿಪಿ ಕೆಲಸದಲ್ಲೂ ಹೀಗೆಯೇ: ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಕರಪತ್ರ ಎಲ್ಲ ಹಳೆಯ ಪೇಜ್‌ಮೇಕರ್ ಕಡತದಲ್ಲಿದ್ದರೆ ಹೊಸ ಕಂಪ್ಯೂಟರ್ ಅದನ್ನು ತೆರೆಯುವುದಿಲ್ಲ. ಆಗ ವರ್ಚುವಲ್ ಮೆಷಿನ್ (ಕಂಪ್ಯೂಟರಿನೊಳಗೆ ತಂತ್ರಾಂಶದಿಂದ ಓಡುವ ಇನ್ನೊಂದು ಕಂಪ್ಯೂಟರ್) ಒಳಗೆ ಹಳೆಯ ವಿಂಡೋಸ್ ಹಾಕಿಕೊಳ್ಳುವುದು ಒಳ್ಳೆಯ ದಾರಿ. ಹಾಕಿದ ಮೇಲೆ ಬರುವ ದೂರುಗಳಲ್ಲಿ ಹೆಚ್ಚಿನವು ಪರದೆಯವು. ಇಲ್ಲಿನ ಉತ್ತರಗಳು ಮುಖ್ಯವಾಗಿ, ವರ್ಚುವಲ್ ಮೆಷಿನ್ ಓಡಿಸುವ ತಂತ್ರಾಂಶವಾದ ವರ್ಚುವಲ್‌ಬಾಕ್ಸ್ 6.1 ಮತ್ತು 7ರ ಸಾಲಿಗೆ. ಬೇರೆಯವುಗಳ ವಿಷಯ ಕೊನೆಯ ಕಡೆಗೆ ಇದೆ. ಹೊರಗಿನ ಕಂಪ್ಯೂಟರನ್ನು ಹೋಸ್ಟ್, ಒಳಗೆ ಓಡುವುದನ್ನು ಗೆಸ್ಟ್ ಎಂದು ಕರೆದಿದ್ದೇವೆ. ಹೋಸ್ಟ್ ಕೀ ಎಂದರೆ, ನೀವು ಬದಲಿಸದಿದ್ದರೆ, ಬಲಗಡೆಯ ಕಂಟ್ರೋಲ್ ಕೀ.

ತೊಂದರೆ ಒಳಗಿನದೋ ಹೊರಗಿನದೋ ಎಂದು ತಿಳಿಯುವುದು ಹೇಗೆ?

ಬೇರೆ ಯಾವುದಕ್ಕೂ ಕೈ ಹಾಕುವ ಮೊದಲು ಇದನ್ನು ಮಾಡಿ. ತೊಂದರೆ ಕಣ್ಣೆದುರು ಇರುವಾಗ ಹೋಸ್ಟ್ ಕೀ ಜೊತೆ ‘ಇ’ ಒತ್ತಿ. ಗೆಸ್ಟ್‌ನ ಪರದೆಯ ಚಿತ್ರ ಹೋಸ್ಟ್‌ನಲ್ಲಿ ಉಳಿಯುತ್ತದೆ. ಆ ಚಿತ್ರವನ್ನು ಹೋಸ್ಟ್‌ನಲ್ಲಿ ಶೇಕಡಾ 100ರ ಗಾತ್ರದಲ್ಲಿ ತೆರೆದು ನೋಡಿ.

ಚಿತ್ರದಲ್ಲಿ ಅಕ್ಷರ ಸ್ವಚ್ಛವಾಗಿದ್ದು ಕಿಟಕಿಯಲ್ಲಿ ಮಾತ್ರ ಮಸುಕಾಗಿದ್ದರೆ ತಪ್ಪು ಹೊರಗಿದೆ: ಹಿಗ್ಗಿಸಿ ತೋರಿಸುವ ಸ್ಕೇಲಿಂಗ್, ಹೋಸ್ಟ್‌ನ ಡಿಸ್‌ಪ್ಲೇ ಡ್ರೈವರ್, ಪ್ರೊಜೆಕ್ಟರ್. ಚಿತ್ರದಲ್ಲೂ ಕೆಟ್ಟಿದ್ದರೆ ತಪ್ಪು ಒಳಗಿದೆ: ಗೆಸ್ಟ್ ಅಡಿಷನ್ಸ್ (ಗೆಸ್ಟ್ ಒಳಗೆ ಹಾಕುವ ವರ್ಚುವಲ್‌ಬಾಕ್ಸ್‌ನ ಡ್ರೈವರ್‌ಗಳು), ಗ್ರಾಫಿಕ್ಸ್ ಕಂಟ್ರೋಲರ್ (ಗೆಸ್ಟ್‌ಗೆ ಕಾಣುವ ತೋರಿಕೆಯ ಗ್ರಾಫಿಕ್ಸ್ ಕಾರ್ಡ್), ಫಾಂಟ್, ಅಥವಾ ಆ ತಂತ್ರಾಂಶವೇ. ಒಳಗಿನದು ಎಂದಾದರೆ ಇನ್ನೊಂದು ಮಾತು ಕೇಳಿಕೊಳ್ಳಿ: ಕೆಟ್ಟು ಕಾಣುವುದು ಒಂದೇ ತಂತ್ರಾಂಶವೋ, ನೋಟ್‌ಪ್ಯಾಡ್‌ವರೆಗೆ ಎಲ್ಲವೋ? ಒಂದೇ ಆದರೆ ಮೆಷಿನ್ನಿನ ಸೆಟ್ಟಿಂಗ್ ತಿರುಚಲು ಹೋಗಬೇಡಿ, ಆ ತಂತ್ರಾಂಶದ ಒಳಗೇ ಹುಡುಕಿ. ಇಷ್ಟನ್ನು ನೋಡದೆ ವಿಂಡೋಸನ್ನೇ ಮತ್ತೆ ಹಾಕಿ ಒಂದು ದಿನ ಕಳೆದುಕೊಳ್ಳುವವರು ಬಹಳ.

ಪರದೆ 640×480 ಅಥವಾ 800×600ರಲ್ಲೇ ನಿಂತಿದೆ, ಕಿಟಕಿ ಎಳೆದರೂ ದೊಡ್ಡದಾಗುವುದಿಲ್ಲ. ಏಕೆ?

ಗೆಸ್ಟ್ ಅಡಿಷನ್ಸ್ ಇಲ್ಲ. ಗೆಸ್ಟ್‌ಗೆ ತನ್ನ ಮುಂದಿರುವ ‘ಗ್ರಾಫಿಕ್ಸ್ ಕಾರ್ಡ್’ ಯಾವುದೆಂದೇ ಗೊತ್ತಿಲ್ಲ, ಹಾಗಾಗಿ ಎಲ್ಲ ಕಡೆ ನಡೆಯುವ ಸಾಮಾನ್ಯ ಡ್ರೈವರ್‌ನಿಂದ ದಿನ ದೂಡುತ್ತಿದೆ.

ಗೆಸ್ಟ್ ಓಡುತ್ತಿರುವಾಗಲೇ ಡಿವೈಸಸ್ ಮೆನುವಿನಲ್ಲಿ ಇನ್ಸರ್ಟ್ ಗೆಸ್ಟ್ ಅಡಿಷನ್ಸ್ ಸಿಡಿ ಇಮೇಜ್ ಒತ್ತಿ. ತಾನಾಗಿ ತೆರೆಯದಿದ್ದರೆ ಮೈ ಕಂಪ್ಯೂಟರ್‌ಗೆ ಹೋಗಿ ಸಿಡಿ ಡ್ರೈವ್ ತೆರೆದು ವಿಬಾಕ್ಸ್‌ವಿಂಡೋಸ್‌ಅಡಿಷನ್ಸ್ ಓಡಿಸಿ. ವಿಂಡೋಸ್ ಎಕ್ಸ್‌ಪಿಯಲ್ಲಿ ಡ್ರೈವರ್‌ಗೆ ಸಹಿ ಇಲ್ಲವೆಂಬ ಎಚ್ಚರಿಕೆ ಬಂದರೆ ಕಂಟಿನ್ಯೂ ಎನಿವೇ ಒತ್ತಿ. ಮುಗಿದ ಮೇಲೆ ಗೆಸ್ಟನ್ನು ರೀಸ್ಟಾರ್ಟ್ ಮಾಡಲೇಬೇಕು. ಬಳಿಕ ವ್ಯೂ ಮೆನುವಿನಲ್ಲಿ ಆಟೋ-ರಿಸೈಜ್ ಗೆಸ್ಟ್ ಡಿಸ್‌ಪ್ಲೇಗೆ ಟಿಕ್ ಇದೆಯೇ ನೋಡಿ. ಆ ಸಾಲು ಇನ್ನೂ ಮಂಕಾಗಿದ್ದರೆ ಅಡಿಷನ್ಸ್ ಕೆಲಸಕ್ಕೆ ಬಂದಿಲ್ಲ ಎಂದೇ ಅರ್ಥ.

ಸಿಡಿ ಡ್ರೈವೇ ಕಾಣದಿದ್ದರೆ ಮೆಷಿನ್ ಆಫ್ ಮಾಡಿ ಸೆಟ್ಟಿಂಗ್ಸ್, ಸ್ಟೋರೇಜ್‌ನಲ್ಲಿ ಒಂದು ಆಪ್ಟಿಕಲ್ ಡ್ರೈವ್ ಸೇರಿಸಿ. ಹೋಸ್ಟ್‌ನಲ್ಲಿ ವರ್ಚುವಲ್‌ಬಾಕ್ಸ್ ಹೊಸ ಆವೃತ್ತಿಗೆ ಏರಿದಾಗಲೆಲ್ಲ ಗೆಸ್ಟ್ ಅಡಿಷನ್ಸನ್ನೂ ಅದೇ ಆವೃತ್ತಿಗೆ ಏರಿಸಿ. ನಿನ್ನೆವರೆಗೆ ಸರಿಯಿದ್ದ ಪರದೆ ಇಂದು ಕೆಟ್ಟರೆ ಇದೇ ಮೊದಲ ಗುಮಾನಿ.

1366×768 ಇರುವ ಲ್ಯಾಪ್‌ಟಾಪ್‌ನಲ್ಲಿ ಗೆಸ್ಟ್ 1360×768 ಮಾತ್ರ ತೋರಿಸುತ್ತದೆ. ಇದೂ ದೋಷವೇ?

ಅಲ್ಲ. 1366 ಎಂಬ ಸಂಖ್ಯೆ 8ರಿಂದ ಭಾಗವಾಗುವುದಿಲ್ಲ. ಎಷ್ಟೋ ಡ್ರೈವರ್‌ಗಳ ಪಟ್ಟಿಯಲ್ಲಿ ಅಗಲ 8ರ ಗುಣಕವಾಗಿಯೇ ಇರುತ್ತದೆ. ಬದಿಯಲ್ಲಿ 6 ಚುಕ್ಕೆಯ ಕಪ್ಪು ಪಟ್ಟಿ ಉಳಿದರೆ ಉಳಿಯಲಿ. ಅದನ್ನು ತುಂಬಲೆಂದು ಹಿಗ್ಗಿಸಿದರೆ ಇಡೀ ಪರದೆಯ ಅಕ್ಷರ ಕೆಡುತ್ತದೆ.

ಗೆಸ್ಟ್ ಉಬುಂಟು. ಅಡಿಷನ್ಸ್ ಹಾಕಿದ್ದೆ, ಅಪ್‌ಡೇಟ್ ಆದ ಮೇಲೆ ಪರದೆ ಮತ್ತೆ ಚಿಕ್ಕದಾಗಿದೆ.

ಲಿನಕ್ಸ್‌ನಲ್ಲಿ ಅಡಿಷನ್ಸ್‌ನ ಭಾಗಗಳು ಆಯಾ ಕರ್ನಲ್‌ಗೆ (ಲಿನಕ್ಸ್‌ನ ತಿರುಳು ಭಾಗ) ತಕ್ಕಂತೆ ಕಟ್ಟಿದವು. ಕರ್ನಲ್ ಬದಲಾದರೆ ಮತ್ತೆ ಕಟ್ಟಬೇಕು. ಅದಕ್ಕೆ ಬಿಲ್ಡ್-ಎಸೆನ್ಷಿಯಲ್, ಡಿಕೆಎಂಎಸ್, ಮತ್ತು ಈಗ ಓಡುತ್ತಿರುವ ಕರ್ನಲ್‌ಗೆ ಹೊಂದುವ ಲಿನಕ್ಸ್-ಹೆಡರ್ಸ್ ಎಂಬ ಪ್ಯಾಕೇಜ್‌ಗಳು ಗೆಸ್ಟ್‌ನಲ್ಲಿ ಇರಬೇಕು. ಅವನ್ನು ಹಾಕಿ ಸಿಡಿಯಿಂದ ಅಡಿಷನ್ಸನ್ನು ಇನ್ನೊಮ್ಮೆ ಓಡಿಸಿ, ರೀಸ್ಟಾರ್ಟ್ ಮಾಡಿ. ಕಟ್ಟುವಾಗ ಎಲ್ಲಿ ನಿಂತಿತು ಎಂಬುದು ವಾರ್ ಕೋಶದೊಳಗಿನ ಲಾಗ್ ಕೋಶದಲ್ಲಿ ವಿಬಾಕ್ಸ್‌ಆಡ್-ಸೆಟಪ್ ಹೆಸರಿನ ಕಡತದಲ್ಲಿ ಬರೆದಿರುತ್ತದೆ. ಕೊನೆಯ ಹತ್ತು ಸಾಲು ಓದಿದರೆ ಸಾಕು, ಹೆಚ್ಚಿನ ಸಲ ಹೆಡರ್ಸ್ ಇಲ್ಲವೆಂದೇ ಇರುತ್ತದೆ.

ಉಬುಂಟುವಿನ ಭಂಡಾರದಲ್ಲೂ ವರ್ಚುವಲ್‌ಬಾಕ್ಸ್-ಗೆಸ್ಟ್-ಎಕ್ಸ್11 ಎಂಬ ಪ್ಯಾಕೇಜ್ ಇದೆ. ಅದು ಅಥವಾ ಸಿಡಿ, ಎರಡರಲ್ಲಿ ಒಂದು ಸಾಕು. ಎರಡನ್ನೂ ಹಾಕಿದರೆ ಒಂದು ಇನ್ನೊಂದರ ಕಾಲೆಳೆಯುತ್ತದೆ.

ಎಲ್ಲ ಸರಿಯಿದ್ದೂ ಪರದೆ ಹಿಗ್ಗದಿದ್ದರೆ, 22.04 ಅಥವಾ 24.04ರಲ್ಲಿ ಲಾಗಿನ್ ಪರದೆಯ ಮೂಲೆಯ ಹಲ್ಲುಚಕ್ರ ಒತ್ತಿ ಉಬುಂಟು ಆನ್ ಎಕ್ಸ್‌ಆರ್ಗ್ ಆರಿಸಿ ನೋಡಿ. ಪರದೆ ಬಿಡಿಸಲು ಉಬುಂಟು ಸಾಮಾನ್ಯವಾಗಿ ಬಳಸುವ ವೇಲ್ಯಾಂಡ್‌ನಲ್ಲಿ ಒಪ್ಪದ್ದು ಅಲ್ಲಿ ಒಪ್ಪುವುದುಂಟು.

ಗ್ರಾಫಿಕ್ಸ್ ಕಂಟ್ರೋಲರ್ ಯಾವುದನ್ನು ಆರಿಸಬೇಕು?

ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ಪುಟದಲ್ಲಿ ಮೂರು ಹೆಸರುಗಳಿವೆ. ವಿಬಾಕ್ಸ್‌ವಿಜಿಎ ಎಂಬುದು ಎಕ್ಸ್‌ಪಿ, ವಿಸ್ಟಾದಂಥ ಹಳೆಯವಕ್ಕೆ. ವಿಬಾಕ್ಸ್‌ಎಸ್‌ವಿಜಿಎ ವಿಂಡೋಸ್ 7 ಮತ್ತು ನಂತರದವಕ್ಕೆ. ವಿಎಂಎಸ್‌ವಿಜಿಎ ಲಿನಕ್ಸ್‌ಗೆ. ಎಕ್ಸ್‌ಪಿಗೆ ವಿಎಂಎಸ್‌ವಿಜಿಎ ಕೊಟ್ಟು ‘ಅಡಿಷನ್ಸ್ ಹಾಕಿದರೂ ಪರದೆ ಸರಿಯಾಗಲಿಲ್ಲ’ ಎನ್ನುವುದು ಬಹಳ ಸಾಮಾನ್ಯ. ಹೊಸ ಮೆಷಿನ್ ಮಾಡುವಾಗಲೇ ಆವೃತ್ತಿಯನ್ನು ಸರಿಯಾಗಿ, ಎಕ್ಸ್‌ಪಿಯಾದರೆ ಎಕ್ಸ್‌ಪಿ 32 ಬಿಟ್ ಎಂದೇ ಆರಿಸಿದರೆ ಕಂಟ್ರೋಲರ್ ತಾನಾಗಿ ಸರಿ ಬರುತ್ತದೆ. ತಪ್ಪು ಆರಿಸಿದಾಗ ಸೆಟ್ಟಿಂಗ್ಸ್ ಕಿಟಕಿಯ ಕೆಳಗೆ ಇನ್‌ವ್ಯಾಲಿಡ್ ಸೆಟ್ಟಿಂಗ್ಸ್ ಎಂಬ ಎಚ್ಚರಿಕೆ ಬರುತ್ತದೆ. ಮೌಸನ್ನು ಅದರ ಮೇಲೆ ಇಟ್ಟರೆ ಕಾರಣವನ್ನೂ ಹೇಳುತ್ತದೆ.

ಈ ಪುಟವೇ ಮಂಕಾಗಿದ್ದರೆ ಮೆಷಿನ್ ಓಡುತ್ತಿದೆ ಇಲ್ಲವೇ ಸೇವ್ಡ್ ಸ್ಥಿತಿಯಲ್ಲಿದೆ (ಅರ್ಧದಲ್ಲೇ ನಿಲ್ಲಿಸಿಟ್ಟಿದೆ). ಅದನ್ನು ಮತ್ತೆ ತೆರೆದು, ಕೆಲಸ ಉಳಿಸಿ, ಒಳಗಿನಿಂದಲೇ ಶಟ್‌ಡೌನ್ ಮಾಡಿ ಬನ್ನಿ. ಡಿಸ್ಕಾರ್ಡ್ ಒತ್ತಿದರೆ ಉಳಿಸದ ಕೆಲಸ ಹೋಗುತ್ತದೆ.

ವಿಡಿಯೋ ಮೆಮೊರಿ ಎಷ್ಟು ಕೊಡಬೇಕು?

ಲೆಕ್ಕ ಸುಲಭ. 1920×1080 ಪರದೆಯಲ್ಲಿ ಒಂದು ಚುಕ್ಕೆಗೆ 4 ಬೈಟ್ ಹಿಡಿದರೆ 82,94,400 ಬೈಟ್, ಅಂದರೆ ಸುಮಾರು 8 ಎಂಬಿ. 3840×2160ಕ್ಕೆ ಅದರ ನಾಲ್ಕು ಪಟ್ಟು, 32 ಎಂಬಿ ಹತ್ತಿರ. ಎರಡು ಪರದೆಯಾದರೆ ಎರಡರಿಂದ ಗುಣಿಸಿ. ಇದು ಬರಿಯ ಪರದೆಯ ಚಿತ್ರಕ್ಕೆ. ಮೇಲೆ ಸ್ವಲ್ಪ ಕೈಬಿಚ್ಚಿ ಕೊಡಬೇಕು. ಎಕ್ಸ್‌ಪಿಯಲ್ಲಿ ಪೇಜ್‌ಮೇಕರ್ ಮಾತ್ರ ಎಂದಾದರೆ 32 ಎಂಬಿ ಧಾರಾಳ. ವಿಂಡೋಸ್ 10ಕ್ಕೆ 128 ಇಡಿ. ಇದು ಕಡಿಮೆಯಾದಾಗ ಕಾಣುವ ಲಕ್ಷಣ ನಿಧಾನವಲ್ಲ: ದೊಡ್ಡ ರೆಸಲ್ಯೂಶನ್‌ಗಳು ಪಟ್ಟಿಯಲ್ಲೇ ಬರುವುದಿಲ್ಲ, ಇಲ್ಲವೇ ಫುಲ್ ಸ್ಕ್ರೀನ್‌ಗೆ ಹೋಗುವಾಗ ಮೆಮೊರಿ ಸಾಲದೆಂಬ ಸಂದೇಶ ಬರುತ್ತದೆ.

3ಡಿ ಆಕ್ಸಲರೇಶನ್‌ಗೆ ಟಿಕ್ ಹಾಕಬೇಕೇ?

ಚಿತ್ರ ಬಿಡಿಸಲು ಹೋಸ್ಟ್‌ನ ಗ್ರಾಫಿಕ್ಸ್ ಕಾರ್ಡನ್ನು ಗೆಸ್ಟ್ ಬಳಸುವ ಸೌಲಭ್ಯ ಇದು. ಡಿಟಿಪಿ, ಟೈಪಿಂಗ್, ಲೆಕ್ಕಪತ್ರಕ್ಕೆ ಬೇಡ ಎಂಬುದೇ ನಮ್ಮ ಸಲಹೆ. ಕಿಟಕಿಯ ಭಾಗ ಕಪ್ಪಾಗುವುದು, ಮೆನು ಖಾಲಿ ಕಾಣುವುದು, ಸ್ಕ್ರಾಲ್ ಮಾಡಿದಾಗ ಹಳೆಯ ಸಾಲು ಅಲ್ಲೇ ಅಂಟಿಕೊಳ್ಳುವುದು ಇವೆಲ್ಲ ಆ ಟಿಕ್ ತೆಗೆದ ಕೂಡಲೇ ಹೋಗುವುದು ಹೆಚ್ಚು. ವಿಬಾಕ್ಸ್‌ವಿಜಿಎಗಂತೂ 6.1ರಿಂದ 3ಡಿ ಬೆಂಬಲವೇ ಇಲ್ಲ, ಎಕ್ಸ್‌ಪಿಯವರು ಈ ವಿಷಯ ಬಿಟ್ಟುಬಿಡಬಹುದು.

ಟಿಕ್ ತೆಗೆದರೂ ಒಂದೇ ತಂತ್ರಾಂಶದಲ್ಲಿ ಕಪ್ಪು ಕಲೆ ಉಳಿದರೆ ಅದರೊಳಗೆ ನೋಡಿ. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಂ ಒಳಗೆ ಗ್ರಾಫಿಕ್ಸ್ ಆಕ್ಸಲರೇಶನ್ ಬಳಸುವ ಸಾಲನ್ನು ಆಫ್ ಮಾಡಿ. ಲಿಬ್ರೆಆಫೀಸ್ ವಿಂಡೋಸ್‌ನಲ್ಲಿ 7.0ರಿಂದ ಸ್ಕಿಯಾ ಎಂಬುದರಿಂದ ಪರದೆ ಬಿಡಿಸುತ್ತದೆ. ಟೂಲ್ಸ್, ಆಪ್ಷನ್ಸ್, ಲಿಬ್ರೆಆಫೀಸ್, ವ್ಯೂ ಪುಟದಲ್ಲಿ ಫೋರ್ಸ್ ಸ್ಕಿಯಾ ಸಾಫ್ಟ್‌ವೇರ್ ರೆಂಡರಿಂಗ್‌ಗೆ ಟಿಕ್ ಹಾಕಿ ಮುಚ್ಚಿ ತೆರೆಯಿರಿ.

ನಿಜಕ್ಕೂ 3ಡಿ ಬೇಕಾದ ಕೆಲಸವಿದ್ದರೆ, ಉದಾಹರಣೆಗೆ ಬ್ಲೆಂಡರ್, ಅದನ್ನು ನೇರ ಹೋಸ್ಟ್‌ನಲ್ಲೇ ಹಾಕಿ. ಅದು ಲಿನಕ್ಸ್‌ನಲ್ಲೂ ಓಡುತ್ತದೆ, ಮೆಷಿನ್ನಿನೊಳಗೆ ತುರುಕುವ ಅಗತ್ಯವಿಲ್ಲ.

ಇಡೀ ಪರದೆ ಕಪ್ಪು. ಗೆಸ್ಟ್ ಸತ್ತಿದೆಯೋ ಬದುಕಿದೆಯೋ?

ಕಿಟಕಿಯ ಕೆಳಗಿನ ಹಾರ್ಡ್ ಡಿಸ್ಕ್ ಚಿಹ್ನೆ ಮಿಣುಕುತ್ತಿದ್ದರೆ ಬದುಕಿದೆ. ಮೊದಲು ಗೆಸ್ಟ್ ಒಳಗೆ ಕ್ಲಿಕ್ ಮಾಡಿ ಒಂದು ಕೀ ಒತ್ತಿ: ಒಳಗಿನ ವಿಂಡೋಸ್ ತನ್ನ ಪರದೆಯನ್ನು ನಿದ್ದೆಗೆ ಹಾಕಿರಬಹುದು. ಪವರ್ ಆಪ್ಷನ್ಸ್‌ನಲ್ಲಿ ಪರದೆ ಆಫ್ ಆಗುವ ಸಮಯವನ್ನು ನೆವರ್ ಮಾಡಿಟ್ಟರೆ ಈ ಗೊಂದಲವೇ ಇಲ್ಲ.

ಎಚ್ಚರವಾಗದಿದ್ದರೆ ಮೆಷಿನ್ ಆಫ್ ಮಾಡಿ 3ಡಿ ಟಿಕ್ ತೆಗೆಯಿರಿ, ಕಂಟ್ರೋಲರ್ ಪರೀಕ್ಷಿಸಿ, ಮತ್ತೆ ಹಚ್ಚಿ. ಲಿನಕ್ಸ್ ಗೆಸ್ಟ್ ಆದರೆ ಹೋಸ್ಟ್ ಕೀ ಜೊತೆ ಎಫ್3 ಒತ್ತಿ. ಅಕ್ಷರದ ಲಾಗಿನ್ ಬಂದರೆ ಕೆಟ್ಟದ್ದು ಚಿತ್ರದ ಭಾಗ ಮಾತ್ರ, ಅಲ್ಲಿಂದಲೇ ಅಡಿಷನ್ಸ್ ಮತ್ತೆ ಹಾಕಬಹುದು.

ಮಳೆಗಾಲದಲ್ಲಿ ಕರೆಂಟು ಹೋಗಿ ಹೋಸ್ಟ್ ಏಕಾಏಕಿ ನಿಂತರೆ ಎಕ್ಸ್‌ಪಿ ಮುಂದಿನ ಸಲ ಸೇಫ್ ಮೋಡ್‌ಗೆ ಕರೆಯುತ್ತದೆ. ಅಲ್ಲಿ ಪರದೆ ಚಿಕ್ಕದಾಗಿ, ಬಣ್ಣ ಕಡಿಮೆಯಾಗಿ ಕಂಡರೆ ಹೆದರಬೇಡಿ, ಅದು ಆ ಮೋಡ್‌ನ ರೀತಿ. ಡಿಸ್ಕ್ ಪರೀಕ್ಷೆ ಮುಗಿಸಿ ಸಾಮಾನ್ಯ ರೀತಿಯಲ್ಲಿ ಹಚ್ಚಿದರೆ ಹಿಂದಿನಂತೆ ಬರುತ್ತದೆ. ಯುಪಿಎಸ್ ಇಲ್ಲದ ಕಡೆ ಸ್ನ್ಯಾಪ್‌ಶಾಟ್ (ಮೆಷಿನ್ನಿನ ಸ್ಥಿತಿಯ ಉಳಿಸಿಟ್ಟ ಪ್ರತಿ) ಇಲ್ಲದೆ ಕೆಲಸ ಮಾಡಬೇಡಿ.

ಕನ್ನಡ ಅಕ್ಷರ ಮಸುಕು. ಒತ್ತಕ್ಷರ ಯಾವುದೆಂದೇ ಗೊತ್ತಾಗುವುದಿಲ್ಲ.

ಇಂಗ್ಲಿಷ್ ಓದುವವರಿಗೆ ಸ್ವಲ್ಪ ಮಸುಕು ನಡೆದೀತು, ನಮಗೆ ನಡೆಯುವುದಿಲ್ಲ. 12 ಪಾಯಿಂಟ್ ಅಕ್ಷರ 96 ಡಿಪಿಐಯಲ್ಲಿ (ಇಂಚಿಗೆ 96 ಚುಕ್ಕೆ) 16 ಚುಕ್ಕೆ ಎತ್ತರ. ಅಷ್ಟರಲ್ಲಿ ತಲೆಕಟ್ಟು, ಅಕ್ಷರದ ಹೊಟ್ಟೆ, ಕೆಳಗೆ ಒತ್ತು ಎಲ್ಲ ಹಿಡಿಯಬೇಕು. ಒತ್ತಿಗೆ ಸಿಗುವುದು ನಾಲ್ಕೈದು ಚುಕ್ಕೆ. ‘ಪ’ ಮತ್ತು ‘ಷ’ ನಡುವಿನ ವ್ಯತ್ಯಾಸ ಹೊಟ್ಟೆಯೊಳಗಿನ ಒಂದು ಗೀಟು. ಕಿಟಕಿಯನ್ನು ಹಿಗ್ಗಿಸಿದಾಗ ಒಂದು ಚುಕ್ಕೆ, ಉದಾಹರಣೆಗೆ, 1.7 ಚುಕ್ಕೆಯಾಗಬೇಕಾಗುತ್ತದೆ, ಅರ್ಧ ಚುಕ್ಕೆ ಎಂಬುದು ಪರದೆಯಲ್ಲಿ ಇಲ್ಲದ ಕಾರಣ ಅಕ್ಕಪಕ್ಕದ ಎರಡಕ್ಕೂ ಬೂದು ಬಣ್ಣ ಹಚ್ಚುತ್ತದೆ. ಗೀಟು ಅಲ್ಲಿಗೆ ಕಳೆದುಹೋಯಿತು.

ಹೋಸ್ಟ್ ಕೀ ಜೊತೆ ‘ಸಿ’ ಒತ್ತಿದರೆ ಸ್ಕೇಲ್ಡ್ ಮೋಡ್ ಹೋಗುತ್ತದೆ. ಗೊತ್ತಿಲ್ಲದೆ ಕೈ ತಗುಲಿ ಅದು ಶುರುವಾಗಿರುವುದೂ ಉಂಟು. ಬಳಿಕ ಗೆಸ್ಟ್‌ನ ರೆಸಲ್ಯೂಶನ್ ಕಿಟಕಿಯ ಗಾತ್ರಕ್ಕೆ ಸರಿಯಾಗಿರಲಿ. ಎಕ್ಸ್‌ಪಿಯಲ್ಲಿ ಅಕ್ಷರದ ಅಂಚು ನಯಗೊಳಿಸುವ ಕ್ಲಿಯರ್‌ಟೈಪ್ ಮೊದಲಿಗೆ ಆಫ್ ಇರುತ್ತದೆ: ಡಿಸ್‌ಪ್ಲೇ ಪ್ರಾಪರ್ಟೀಸ್, ಅಪಿಯರೆನ್ಸ್, ಎಫೆಕ್ಟ್ಸ್ ಒಳಗೆ ಅದನ್ನು ಆರಿಸಿ.

ಹೊಸ ಲ್ಯಾಪ್‌ಟಾಪ್‌ನಲ್ಲಿ ಅಕ್ಷರ ಸ್ವಚ್ಛವಾಗಿದೆ, ಆದರೆ ತೀರಾ ಚಿಕ್ಕದು.

15.6 ಇಂಚಿನ 1366×768 ಪರದೆಯಲ್ಲಿ ಇಂಚಿಗೆ ಸುಮಾರು 100 ಚುಕ್ಕೆ. 14 ಇಂಚಿನ 1920×1080ರಲ್ಲಿ ಸುಮಾರು 157. ಅದೇ ಅಕ್ಷರ ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ.

ವರ್ಚುವಲ್‌ಬಾಕ್ಸ್‌ನ ಡಿಸ್‌ಪ್ಲೇ ಪುಟದಲ್ಲಿ ಸ್ಕೇಲ್ ಫ್ಯಾಕ್ಟರ್ ಇದೆ. 200 ಇಟ್ಟರೆ ಒಂದು ಚುಕ್ಕೆ ಸರಿಯಾಗಿ ನಾಲ್ಕಾಗುತ್ತದೆ. 150 ಇಟ್ಟರೆ ಮೇಲೆ ಹೇಳಿದ ಮಸುಕೇ ಮತ್ತೆ. ಹಾಗಾಗಿ 4ಕೆ ಪರದೆಗೆ 200 ಒಪ್ಪುತ್ತದೆ. 1920×1080ಕ್ಕೆ 200 ಇಟ್ಟರೆ ಗೆಸ್ಟ್‌ಗೆ ಉಳಿಯುವುದು 960×540, ಅದರಲ್ಲಿ ಪೇಜ್‌ಮೇಕರ್‌ನ ಪ್ಯಾಲೆಟ್‌ಗಳಿಗೇ ಜಾಗ ಸಾಲದು. ಅಲ್ಲಿ ಸ್ಕೇಲ್ 100ರಲ್ಲೇ ಇರಲಿ, ಒಳಗಿನ ಎಕ್ಸ್‌ಪಿಯಲ್ಲಿ ಡಿಸ್‌ಪ್ಲೇ ಪ್ರಾಪರ್ಟೀಸ್, ಸೆಟ್ಟಿಂಗ್ಸ್, ಅಡ್ವಾನ್ಸ್‌ಡ್, ಜನರಲ್‌ನಲ್ಲಿ 96ರ ಬದಲು 120 ಡಿಪಿಐ ಆರಿಸಿ.

ಗೆಸ್ಟ್ ವಿಂಡೋಸ್ 10 ಆಗಿದ್ದು ಒಂದೇ ಹಳೆಯ ತಂತ್ರಾಂಶ ಮಸುಕಾಗಿದ್ದರೆ ಅದರ ಐಕಾನ್‌ನ ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್ ತೆರೆದು ಓವರ್‌ರೈಡ್‌ಗೆ ಟಿಕ್ ಹಾಕಿ ಅಪ್ಲಿಕೇಶನ್ ಎಂದು ಆರಿಸಿ.

ಎಕ್ಸ್‌ಪಿಯಲ್ಲಿ ಕನ್ನಡ ಚೌಕ ಚೌಕವಾಗಿ ಕಾಣುತ್ತದೆ, ಇಲ್ಲವೇ ಅಕ್ಷರ ಒಡೆದು ಬೀಳುತ್ತದೆ.

ಇವು ಎರಡು ಬೇರೆ ರೋಗ. ಚೌಕ ಬಂದರೆ ಆ ಲಿಪಿಯ ಫಾಂಟ್ ಇಲ್ಲ. ‘ಶಕ್ತಿ’ ಎಂಬುದರಲ್ಲಿ ಒತ್ತು ಕೆಳಗೆ ಕೂರದೆ, ಗುಣಿಸು ಸೇರದೆ ಬಿಡಿ ಬಿಡಿಯಾಗಿ ನಿಂತರೆ ಫಾಂಟ್ ಇದೆ, ಜೋಡಿಸುವ ಭಾಗ ಇಲ್ಲ. ಕಂಟ್ರೋಲ್ ಪ್ಯಾನೆಲ್‌ನ ರೀಜನಲ್ ಅಂಡ್ ಲ್ಯಾಂಗ್ವೇಜ್ ಆಪ್ಷನ್ಸ್, ಲ್ಯಾಂಗ್ವೇಜಸ್‌ನಲ್ಲಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಕಡತಗಳನ್ನು ಹಾಕುವ ಸಾಲಿಗೆ ಟಿಕ್ ಹಾಕಿ. ಎಕ್ಸ್‌ಪಿಯ ಸಿಡಿ ಕೇಳುತ್ತದೆ, ಅದರ ಇಮೇಜನ್ನು ಡಿವೈಸಸ್ ಮೆನುವಿನಿಂದ ಹಾಕಿಕೊಡಿ.

ಕನ್ನಡದ ತುಂಗಾ ಫಾಂಟ್ ಎಕ್ಸ್‌ಪಿಯಲ್ಲೇ ಇದೆ. ಮಲಯಾಳದ ಕಾರ್ತಿಕ ಬಂದದ್ದು ಸರ್ವಿಸ್ ಪ್ಯಾಕ್ 2ರಲ್ಲಿ. ಎರಡು ಭಾಷೆಯ ನೋಟೀಸು ಮಾಡುವ ನಮ್ಮ ಕಡೆ ಕನ್ನಡ ಸರಿ ಬಂದು ಮಲಯಾಳ ಮಾತ್ರ ಚೌಕವಾದರೆ ಸರ್ವಿಸ್ ಪ್ಯಾಕ್ ನೋಡಿ.

ಉಬುಂಟು ಗೆಸ್ಟ್‌ನಲ್ಲಾದರೆ ಫಾಂಟ್ಸ್-ಕೆಎನ್‌ಡಿಎ, ಫಾಂಟ್ಸ್-ಎಂಎಲ್‌ವೈಎಂ ಎಂಬ ಎರಡು ಪ್ಯಾಕೇಜ್ ಹಾಕಿದರೆ ಎರಡೂ ಲಿಪಿ ಬರುತ್ತವೆ.

ಗೆಸ್ಟ್‌ನಲ್ಲಿ ಸರಿಯಿದ್ದ ನುಡಿಯ ಸಾಲನ್ನು ಕಾಪಿ ಮಾಡಿ ಹೊರಗೆ ಹಾಕಿದರೆ ಏನೇನೋ ಚಿಹ್ನೆ.

‘ಕನ್ನಡ’ ಎಂಬ ಪದ ಹೋಗಿ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಪೌಂಡ್ ಗುರುತು ಹೀಗೆ ಸಾಲಾಗಿ ಬರುತ್ತದೆ ಅಲ್ಲವೇ? ಏನೂ ಕೆಟ್ಟಿಲ್ಲ. ಹಳೆಯ ನುಡಿ ಫಾಂಟ್‌ಗಳು ಯುನಿಕೋಡ್ ಅಲ್ಲ. ಕಡತದಲ್ಲಿ ನಿಜಕ್ಕೂ ಇರುವುದು ಆ ಚಿಹ್ನೆಗಳೇ, ನುಡಿ ಫಾಂಟ್ ಅವುಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ತೋರಿಸುತ್ತದೆ. ಹೊರಗೆ ಆ ಫಾಂಟ್ ಇಲ್ಲದ್ದರಿಂದ ಬಣ್ಣ ಬಯಲಾಯಿತು, ಅಷ್ಟೆ. ನುಡಿ ಅಥವಾ ಬರಹದ ಜೊತೆ ಬರುವ ಪರಿವರ್ತಕದಿಂದ ಗೆಸ್ಟ್‌ನಲ್ಲೇ ಯುನಿಕೋಡ್‌ಗೆ ಬದಲಿಸಿ, ಆಮೇಲೆ ಹೊರಗೆ ತನ್ನಿ. ಹೆಸರುಗಳು, ಅಂಕಿಗಳು, ಅರ್ಕಾವತ್ತು ಇರುವ ಕಡೆ ಒಮ್ಮೆ ಕಣ್ಣಾಡಿಸಿ.

ಪೇಜ್‌ಮೇಕರ್‌ನಲ್ಲಿ ಅಕ್ಷರದ ಜಾಗದಲ್ಲಿ ಬೂದು ಗೆರೆ, ಚಿತ್ರ ಒರಟು.

ವರ್ಚುವಲ್ ಮೆಷಿನ್ನಿಗೂ ಇದಕ್ಕೂ ಸಂಬಂಧವಿಲ್ಲ. ಫೈಲ್, ಪ್ರಿಫರೆನ್ಸಸ್, ಜನರಲ್‌ನಲ್ಲಿ ಗ್ರಾಫಿಕ್ಸ್ ಡಿಸ್‌ಪ್ಲೇಯನ್ನು ಹೈ ರೆಸಲ್ಯೂಶನ್ ಮಾಡಿ. ಅಲ್ಲೇ ಮೋರ್ ಒತ್ತಿದರೆ ಗ್ರೀಕ್ ಟೆಕ್ಸ್ಟ್ ಬಿಲೋ ಎಂಬ ಸಂಖ್ಯೆ ಇದೆ. ಅದಕ್ಕಿಂತ ಚಿಕ್ಕ ಅಕ್ಷರವನ್ನು ಗೆರೆಯಾಗಿ ತೋರಿಸುತ್ತದೆ. ಸಂಖ್ಯೆ ಇಳಿಸಿ.

ಪರದೆ ತುಂಬಾ ನಿಧಾನ, ಕಿಟಕಿ ಎಳೆದರೆ ಹಿಂದೆ ಬಾಲ ಬರುತ್ತದೆ.

ಹೋಸ್ಟ್ ವಿಂಡೋಸ್ 10 ಅಥವಾ 11 ಆಗಿದ್ದರೆ ಕೆಳಗಿನ ಪಟ್ಟಿಯಲ್ಲಿ ಹಸಿರು ಆಮೆಯ ಚಿತ್ರ ಇದೆಯೇ ನೋಡಿ. ಇದ್ದರೆ ವಿಂಡೋಸ್‌ನದೇ ವರ್ಚುವಲ್ ಮೆಷಿನ್ ಏರ್ಪಾಡಾದ ಹೈಪರ್-ವಿ, ಪ್ರೊಸೆಸರ್‌ನ ವರ್ಚುವಲೈಸೇಶನ್ ಸೌಲಭ್ಯವನ್ನು ಹಿಡಿದುಕೊಂಡಿದೆ, ವರ್ಚುವಲ್‌ಬಾಕ್ಸ್ ಅದರ ಮೂಲಕ ಸುತ್ತಿ ಹೋಗುತ್ತಿದೆ. ಟರ್ನ್ ವಿಂಡೋಸ್ ಫೀಚರ್ಸ್ ಕಿಟಕಿಯಲ್ಲಿ ಹೈಪರ್-ವಿ, ವರ್ಚುವಲ್ ಮೆಷಿನ್ ಪ್ಲಾಟ್‌ಫಾರ್ಮ್, ವಿಂಡೋಸ್ ಹೈಪರ್‌ವೈಸರ್ ಪ್ಲಾಟ್‌ಫಾರ್ಮ್ ಮೂರರ ಟಿಕ್ ತೆಗೆದು ರೀಸ್ಟಾರ್ಟ್ ಮಾಡಿ. ಡಬ್ಲ್ಯೂಎಸ್‌ಎಲ್ 2 ಬಳಸುವವರಿಗೆ ಅದು ನಿಲ್ಲುತ್ತದೆ ಎಂಬುದು ನೆನಪಿರಲಿ. ಕೋರ್ ಐಸೊಲೇಶನ್‌ನ ಮೆಮೊರಿ ಇಂಟೆಗ್ರಿಟಿಯೂ ಆಮೆಯನ್ನು ತರುತ್ತದೆ, ಆದರೆ ಅದು ಭದ್ರತೆಯ ಏರ್ಪಾಡು. ಬ್ಯಾಂಕಿನ ಕೆಲಸವೂ ಅದೇ ಕಂಪ್ಯೂಟರ್‌ನಲ್ಲಿ ನಡೆಯುವುದಾದರೆ ನಿಧಾನವನ್ನೇ ಸಹಿಸಿಕೊಳ್ಳಿ ಎನ್ನುತ್ತೇವೆ.

ತರಗತಿಯ ಪ್ರೊಜೆಕ್ಟರ್‌ಗೆ ಗೆಸ್ಟ್ ಹೋಗದೆ ಲ್ಯಾಪ್‌ಟಾಪ್‌ನಲ್ಲೇ ಫುಲ್ ಸ್ಕ್ರೀನ್ ಆಗುತ್ತದೆ.

ಹೋಸ್ಟ್ ಕೀ ಜೊತೆ ‘ಎಫ್’ ಒತ್ತಿ ಫುಲ್ ಸ್ಕ್ರೀನ್‌ಗೆ ಹೋಗಿ, ಹೋಸ್ಟ್ ಕೀ ಜೊತೆ ಹೋಮ್ ಒತ್ತಿ ಮೆನು ಕರೆಯಿರಿ. ವ್ಯೂ, ವರ್ಚುವಲ್ ಸ್ಕ್ರೀನ್ 1, ಯೂಸ್ ಹೋಸ್ಟ್ ಸ್ಕ್ರೀನ್ 2. ಪ್ರೊಜೆಕ್ಟರ್ ಮೊದಲೇ ಜೋಡಿಸಿರಬೇಕು, ಹೋಸ್ಟ್‌ನಲ್ಲಿ ಮಿರರ್ ಬದಲು ಜಾಯಿನ್ ಅಥವಾ ಎಕ್ಸ್‌ಟೆಂಡ್ ಇರಬೇಕು.

ನಾವು ಬಳಸುವುದು ವಿಎಂವೇರ್, ವರ್ಟ್-ಮ್ಯಾನೇಜರ್ ಅಥವಾ ಹೈಪರ್-ವಿ.

ಸೂತ್ರ ಅದೇ, ಹೆಸರು ಬೇರೆ. ವಿಎಂವೇರ್‌ನಲ್ಲಿ ಅಡಿಷನ್ಸ್ ಬದಲು ವಿಎಂವೇರ್ ಟೂಲ್ಸ್. ಲಿನಕ್ಸ್ ಗೆಸ್ಟ್‌ಗೆ ಓಪನ್-ವಿಎಂ-ಟೂಲ್ಸ್-ಡೆಸ್ಕ್‌ಟಾಪ್ ಪ್ಯಾಕೇಜ್. ಡೆಸ್ಕ್‌ಟಾಪ್ ಎಂಬ ಬಾಲ ಬಿಟ್ಟುಹೋದರೆ ಪರದೆ ಹಿಗ್ಗುವುದಿಲ್ಲ. ವರ್ಟ್-ಮ್ಯಾನೇಜರ್‌ನಲ್ಲಿ ಸ್ಪೈಸ್ ಡಿಸ್‌ಪ್ಲೇ ಇರಲಿ, ಗೆಸ್ಟ್‌ನಲ್ಲಿ ಸ್ಪೈಸ್-ವಿಡಿಏಜೆಂಟ್ ಹಾಕಿ, ವ್ಯೂ ಮೆನುವಿನ ಸ್ಕೇಲ್ ಡಿಸ್‌ಪ್ಲೇಯಲ್ಲಿ ಆಟೋ ರಿಸೈಜ್‌ಗೆ ಟಿಕ್ ಹಾಕಿ. ಹೈಪರ್-ವಿಯಲ್ಲಿ ವಿಂಡೋಸ್ 10 ಅಥವಾ 11ರ ಪ್ರೊ ಗೆಸ್ಟ್‌ಗೆ ಎನ್‌ಹ್ಯಾನ್ಸ್‌ಡ್ ಸೆಶನ್ ಆನ್ ಮಾಡಿದರೆ ರೆಸಲ್ಯೂಶನ್ ಆರಿಸಲು ಸಿಗುತ್ತದೆ. ಎಕ್ಸ್‌ಪಿಗೆ ಹೈಪರ್-ವಿ ಹಿಡಿಸುವುದಿಲ್ಲ, ವರ್ಚುವಲ್‌ಬಾಕ್ಸ್‌ಗೇ ಬನ್ನಿ.

ಪರದೆಯಲ್ಲಿ ಎಲ್ಲ ಸರಿ, ಪ್ರೆಸ್ಸಿಗೆ ಕಳಿಸಿದ ಪಿಡಿಎಫ್‌ನಲ್ಲಿ ಅಕ್ಷರ ಬದಲಾಗಿದೆ.

ಫಾಂಟ್ ಪಿಡಿಎಫ್‌ನೊಳಗೆ ಸೇರಿಲ್ಲ. ಗೆಸ್ಟ್‌ನಲ್ಲಿ ಆ ಫಾಂಟ್ ಇರುವುದರಿಂದ ನಿಮಗೆ ಗೊತ್ತಾಗುವುದಿಲ್ಲ. ಪಿಡಿಎಫ್ ಮಾಡುವ ಡಿಸ್ಟಿಲ್ಲರ್‌ನ ಫಾಂಟ್ಸ್ ಪುಟದಲ್ಲಿ ಎಂಬೆಡ್ ಆಲ್ ಫಾಂಟ್ಸ್‌ಗೆ ಟಿಕ್ ಹಾಕಿ ಮತ್ತೆ ಪಿಡಿಎಫ್ ಮಾಡಿ. ಕಳಿಸುವ ಮೊದಲು ಅದನ್ನು ಹೋಸ್ಟ್‌ನಲ್ಲಿ ತೆರೆದು ಪ್ರಾಪರ್ಟೀಸ್, ಫಾಂಟ್ಸ್ ನೋಡಿ: ಪ್ರತಿ ಹೆಸರಿನ ಮುಂದೆ ಎಂಬೆಡೆಡ್ ಅಥವಾ ಎಂಬೆಡೆಡ್ ಸಬ್‌ಸೆಟ್ ಎಂದಿರಬೇಕು. ನುಡಿ ಫಾಂಟ್ ಇಲ್ಲದ ಹೋಸ್ಟ್‌ನಲ್ಲಿ ಸರಿ ಕಂಡರೆ ಪ್ರೆಸ್ಸಿನಲ್ಲೂ ಸರಿ ಕಾಣುತ್ತದೆ.